ವಾರಂಟಿ ಕಾರ್ಡ್ ಮಹಾಶಯರಿಗೊಂದು ತಪ್ಪೊಪ್ಪಿಗೆ

ಮಾನ್ಯ ವಾರಂಟಿ ಕಾರ್ಡ್ ಮಹಾಶಯರ ಸನ್ನಿಧಿಗೆ, ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಮೊನ್ನೆ ಬೀರುವಿನ ಕೆಳಖಾನೆಯಲ್ಲಿ ಹಳೆ ಕರೆಂಟು ಬಿಲ್ಲುಗಳ ನಡುವೆ ತಾವು ಸಿಕ್ಕಿದಿರಿ. ಅದೇ ನಾಲ್ಕು ಮಡಿಕೆ, ಅದೇ ಇರುವೆ ಸಾಲಿನಂಥ ಅಕ್ಷರ. ಹಾಡು ಕೇಳುವ ಅಂಗೈಯಗಲದ ಪೆಟ್ಟಿಗೆಯ ಜೊತೆ 2007ರಲ್ಲಿ ನಮ್ಮ ಮನೆ ಹೊಕ್ಕವರು ತಾವು. ಕಂಪನಿಯ ಹೆಸರು ಎತ್ತುವುದಿಲ್ಲ, ಉಪ್ಪು ತಿಂದ ಋಣವಿದೆ. ಕಂಪನಿ ಒಪ್ಪದ ತಂತ್ರಾಂಶ ತುಂಬಿದರೆ ವಾರಂಟಿ ರದ್ದು ಎನ್ನುತ್ತದೆ ತಮ್ಮ ಏಳನೇ ಷರತ್ತು. ತಮ್ಮ ಆಯುಷ್ಯವೇ ಒಂದು ವರ್ಷ. 2008ರಿಂದೀಚೆಗೆ ಯಾವ ಅಧಿಕಾರದಲ್ಲಿ ಬೆದರಿಸುತ್ತಿದ್ದೀರಿ ಎಂದು ಕೇಳಿದರೆ ಉದ್ಧಟತನವಾದೀತು. ಆದ್ದರಿಂದ ಒಪ್ಪಿಕೊಂಡುಬಿಡುತ್ತೇನೆ. ಹೌದು, ತುಂಬಿದ್ದೇನೆ. ಅದರಲ್ಲಿ ಡೂಮ್ ಆಡಿದ್ದೇನೆ.

ಮಾಡಿದ್ದು ಇಷ್ಟೇ: ರಾಕ್‌ಬಾಕ್ಸ್ ಎಂಬ ಬಿಟ್ಟಿ ತಂತ್ರಾಂಶ ಇಳಿಸಿಕೊಂಡು, ಯುಎಸ್‌ಬಿ ವೈರು ಸಿಕ್ಕಿಸಿ, ಪೆಟ್ಟಿಗೆಯನ್ನು ಎಬ್ಬಿಸುವ ಬೂಟ್‌ಲೋಡರ್ ಬದಲಾಯಿಸಿ, ಉಳಿದದ್ದನ್ನು ಒಂದು ಫೋಲ್ಡರಿಗೆ ಸುರಿದೆ. ಐದು ನಿಮಿಷದ ಕೆಲಸ, ಎದೆ ಹೊಡೆದುಕೊಂಡದ್ದು ಬೇರೆ ಲೆಕ್ಕ. ತಮ್ಮ ಕಡೆಯವರ ತಂತ್ರಾಂಶವನ್ನು ಹೊರಗೆ ಹಾಕಲೂ ಇಲ್ಲ. ಒಂದು ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಜಗಲಿಯ ಮೇಲೆ ಮಲಗಿದ ಅಜ್ಜನ ಹಾಗೆ ಅದೂ ಕೆಮ್ಮುತ್ತ ಎದ್ದು ಕೂರುತ್ತದೆ. ಈ ರಾಕ್‌ಬಾಕ್ಸನ್ನು 2001ರಲ್ಲಿ ಶುರು ಹಚ್ಚಿದವರು ಸ್ವೀಡನ್ನಿನ ಕೆಲವು ಪ್ರೋಗ್ರಾಮರುಗಳು. ಆರ್ಕೋಸ್ ಎಂಬ ಹಾಡಿನ ಪ್ಲೇಯರಿನ ತಂತ್ರಾಂಶ ಅವರಿಗೆ ಹಿಡಿಸಲಿಲ್ಲ. ಅಂಗಡಿಯ ಸಾರಿನಪುಡಿ ರುಚಿಸದಿದ್ದರೆ ಮನೆಯಲ್ಲೇ ಹುರಿದು ಕುಟ್ಟಿಕೊಳ್ಳುವವರಿಲ್ಲವೇ, ಆ ಪೈಕಿ ಜನ.

ಡೂಮೇ ಯಾಕೆ ಎಂದು ತಾವು ಹುಬ್ಬೇರಿಸಬಹುದು. 1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಹೊರತಂದ ಆಟ ಅದು. 386 ಕಂಪ್ಯೂಟರು, 4 ಎಂಬಿ ರ್‍ಯಾಮ್ ಇದ್ದರೆ ನಡೆಯುತ್ತಿತ್ತು. ತಾವು ಕಾವಲು ಕೂತಿದ್ದ ಪೆಟ್ಟಿಗೆಯೊಳಗೆ 32 ಎಂಬಿ ರ್‍ಯಾಮ್ ಇದೆ, 80 ಮೆಗಾಹರ್ಟ್ಸ್‌ನಲ್ಲಿ ಓಡುವ ಜೋಡಿ ಆರ್ಮ್ ಪ್ರೊಸೆಸರ್ ಇದೆ. ಆನೆಯನ್ನು ತಂದು ಬಾಗಿಲಲ್ಲಿ ಕಟ್ಟಿ, 'ಗಂಟೆ ಬಾರಿಸಲಿಕ್ಕೆ ಮಾತ್ರ' ಎಂದು ಹಣೆಗೆ ಚೀಟಿ ಅಂಟಿಸಿದ್ದಿರಿ.

ಆದರೆ ಈ ಆನೆಗೆ ದಶಾಂಶದ ಲೆಕ್ಕ ಬರುವುದಿಲ್ಲ, ಚಿಪ್ಪಿನಲ್ಲಿ ಅದಕ್ಕೆ ಬೇಕಾದ ಭಾಗವೇ ಇಲ್ಲ. 386ರಲ್ಲೂ ಇರಲಿಲ್ಲ. ಹಾಗಾಗಿ ಇಡ್ ಸಾಫ್ಟ್‌ವೇರಿನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆಟದ ಗಣಿತವನ್ನು ಪೂರ್ಣಾಂಕಗಳಲ್ಲೇ ಹೆಣೆದಿದ್ದರು. ರೂಪಾಯಿಯ ಮುಂದೆ ಚುಕ್ಕೆ ಇಡುವ ಗೋಜಿಲ್ಲದೆ ಎಲ್ಲವನ್ನೂ ಪೈಸೆಯಲ್ಲೇ ಕೂಡಿ, ಕೊನೆಗೆ ನೂರರಿಂದ ಭಾಗಿಸುವ ದಿನಸಿ ಅಂಗಡಿಯ ಲೆಕ್ಕ. ಇಲ್ಲಿ ನೂರರ ಜಾಗದಲ್ಲಿ 65,536, ಅಷ್ಟೇ ವ್ಯತ್ಯಾಸ. 1997ರಲ್ಲಿ ಮೂಲ ಕೋಡನ್ನೂ ಊರಿಗೆಲ್ಲ ಹಂಚಿದರು. ಆಮೇಲೆ ಅದು ಕ್ಯಾನನ್ ಪ್ರಿಂಟರಿನ ಪುಟಾಣಿ ಪರದೆಯ ಮೇಲೂ ಓಡಿತೆಂದರೆ ನನ್ನ ಅಪರಾಧದ ಗಾತ್ರ ತಮಗೇ ತಿಳಿಯುತ್ತದೆ.

ಆಡಿದೆ ಅಂದೆನಲ್ಲ, ಆ ಸಂಭ್ರಮವನ್ನೂ ಹೇಳಿಬಿಡುತ್ತೇನೆ. 320ಕ್ಕೆ 200 ಚುಕ್ಕೆಗಳ ಆಟ ಎರಡಿಂಚಿಗೂ ಕಮ್ಮಿಯ ಪರದೆಯಲ್ಲಿ ಮುದುಡಿದಾಗ ರಾಕ್ಷಸರೆಲ್ಲ ಸಾಸಿವೆ ಕಾಳು. ಯಾವುದು ರಾಕ್ಷಸ, ಯಾವುದು ಸಿಡಿಯುವ ಪೀಪಾಯಿ ಎಂದು ಕನ್ನಡಕ ಏರಿಸಿ ನೋಡುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಹತ್ತು ನಿಮಿಷಕ್ಕೆ ಬೇಜಾರಾಗಿ ರಾಜ್‌ಕುಮಾರ್ ಹಾಡು ಹಾಕಿಕೊಂಡೆ.

ನನಗಿಂತ ದೊಡ್ಡ ಕಳ್ಳರಿದ್ದಾರೆ, ಚಾಡಿ ಹೇಳುತ್ತಿದ್ದೇನೆ, ಕ್ಷಮಿಸಿ. ನಾಲ್ಕನೇ ಪೀಳಿಗೆಯ ಐಪಾಡಿನಲ್ಲಿ ಲಿನಕ್ಸ್ ಓಡಿಸಹೊರಟವರಿಗೆ ಐಪಾಡಿನ ಒಳಗಿನ ಕೋಡು ಕೈಗೆ ಸಿಗುತ್ತಿರಲಿಲ್ಲ. ನಿಲ್ಸ್ ಶ್ನೈಡರ್ ಎಂಬ ಜರ್ಮನ್ ವಿದ್ಯಾರ್ಥಿ, ಚಕ್ರದ ಮೇಲೆ ಬೆರಳಾಡಿಸಿದರೆ ಟಿಕ್ ಎನ್ನುವ ಪುಟ್ಟ ಸದ್ದಿನ ಬಿಲ್ಲೆಯಿದೆಯಲ್ಲ, ಅದರ ಬಾಯಿಂದಲೇ ಗುಟ್ಟು ಹೊರಡಿಸಿದ. ಕೋಡೆಲ್ಲ ಟಿಕ್‌ಟಿಕ್ ಎಂದು ಹೊರಬರುವಂತೆ ಮಾಡಿ, ಹೊರಗಿನ ಗದ್ದಲ ತಟ್ಟದ ಡಬ್ಬದೊಳಗೆ ಐಪಾಡನ್ನಿಟ್ಟು, ಮೈಕಿನಲ್ಲಿ ಹಿಡಿದು, ಸದ್ದನ್ನು ಮತ್ತೆ ಕೋಡಾಗಿಸಿದ. ಗೋಡೆಗೆ ಲೋಟ ಹಚ್ಚಿ ಪಕ್ಕದ ಮನೆಯ ಜಗಳ ಕೇಳುತ್ತಿದ್ದ ನಮ್ಮ ಬೀದಿಯವರು ಇದನ್ನು ನೋಡಿ ಕೈಮುಗಿಯಬೇಕು.

ಇನ್ನೊಂದಕ್ಕಂತೂ ಕ್ಷಮೆಯೇ ಇಲ್ಲ. ರಾಕ್‌ಬಾಕ್ಸ್ ಮೆನುವನ್ನೂ ಫೈಲುಗಳ ಹೆಸರನ್ನೂ ಓದಿ ಹೇಳುತ್ತದೆ. ಕಣ್ಣು ಕಾಣದವರು ಯಾರನ್ನೂ ಕರೆಯದೆ ತಮ್ಮ ಹಾಡನ್ನು ತಾವೇ ಹುಡುಕಿಕೊಂಡರು. ಪಾಪ, ತಮ್ಮ ಇರುವೆ ಸಾಲಿನ ಷರತ್ತುಗಳನ್ನು ಅವರು ಓದಿರಲಿಲ್ಲ. ಓದಿದ್ದರೆ ಖಂಡಿತ ಹಿಂಜರಿಯುತ್ತಿದ್ದರು.

ಅಂದಹಾಗೆ ಪೆಟ್ಟಿಗೆ ಈಗಲೂ ಹಾಡುತ್ತಿದೆ. 2 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡ್ ಒಲ್ಲೆನೆನ್ನುತ್ತಿದ್ದದ್ದು ಈಗ 32 ಜಿಬಿ ನುಂಗಿ ಗಪ್‌ಚಿಪ್ ಕೂತಿದೆ. ಬ್ಯಾಟರಿ ಉಬ್ಬಿದಾಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದಿದ್ದೆ. ಅಂಗಡಿಯ ಹುಡುಗ ಬೆನ್ನಿನ ಸ್ಕ್ರೂ ಬಿಚ್ಚುತ್ತ "ವಾರಂಟಿ ಐತಾ ಸಾರ್?" ಎಂದ. ತಮ್ಮ ನೆನಪಾಗಿ ಗಂಟಲು ಕಟ್ಟಿತು.

ಇಂತಿ ತಮ್ಮ ವಿಧೇಯ,
ಷರತ್ತು ಮುರಿದವನು

ತಾ.ಕ.: ತಮ್ಮನ್ನು ರದ್ದಿಗೆ ಹಾಕೋಣವೆಂದರೆ ಮಗಳು ಬಿಡುತ್ತಿಲ್ಲ. ಡೂಮಿನ ಮೂರನೇ ಘಟ್ಟದಿಂದ ನೇರ ಒಂಬತ್ತಕ್ಕೆ ಹಾರುವ ಕಳ್ಳದಾರಿಯ ನಕ್ಷೆಯನ್ನು ಅವಳು ತಮ್ಮ ಬೆನ್ನಿನ ಖಾಲಿ ಜಾಗದಲ್ಲಿ ಬರೆದುಕೊಂಡಿದ್ದಾಳೆ.