ಹೊಸಬರಿಗೆ ಸುಸ್ವಾಗತ

"ಅಂಕಲ್, ಹೊಸಬರಿಗೆ ಅಂತಲೇ ಆ್ಯಪ್ ಸುಲಭ ಮಾಡಿದೀವಿ. ಏನು ಬೇಕು?"

"ಗಾಂಧಿ ಬಜಾರಲ್ಲಿ ಒಳ್ಳೇ ಮಸಾಲೆ ದೋಸೆ."

"ಮೊದಲು ಓಟಿಪಿ, ಆಮೇಲೆ ಲೊಕೇಶನ್. ಆಮೇಲೆ ನೀವು ತಿಂದಿರೋ 10 ಹೋಟೆಲಿಗೆ ಸ್ಟಾರ್ ಕೊಡಿ."

"ಎಲ್ಲಿ ತಿನ್ನಲಿ ಅಂತ ಕೇಳೋಕೆ ಬಂದೋನು ನಾನು!"

"ನಿಮ್ಮ ರುಚಿ ಗೊತ್ತಾಗದೆ ಶಿಫಾರಸು ಬರಲ್ಲ. ಇದಕ್ಕೆ ಕೋಲ್ಡ್ ಸ್ಟಾರ್ಟ್ ಅಂತಾರೆ."

"ನನ್ನ ಹಳೇ ಸ್ಕೂಟರಿಗೂ ಅದೇ ಕಾಯಿಲೆಯಿತ್ತು. ಚೋಕ್ ಎಳೀತಿದ್ದೆ. ಇದರಲ್ಲಿ 'ಸ್ಕಿಪ್' ಎಲ್ಲಪ್ಪಾ?"

"ಮೂಲೇಲಿ, ಬೂದುಬಣ್ಣದಲ್ಲಿ."

ಸಾಸಿವೆ ಕಾಳಿನಷ್ಟು ಅಕ್ಷರ. ಕನ್ನಡಕ ಹಣೆಗೇರಿ ಇಳಿಯಿತು.

ಪಕ್ಕದ ಹೂವಿನಾಕೆ ಮೊಳ ಅಳೆಯುತ್ತಲೇ ಅಂದಳು: "ನೇರ ಹೋಗಿ ಸ್ವಾಮಿ. 1943ರಿಂದ ಅಲ್ಲೇ ಇದೆ ವಿದ್ಯಾರ್ಥಿ ಭವನ. ಕ್ಯೂ ಕಾಣ್ತದೆ."

ಹುಡುಗನ ಕಣ್ಣರಳಿತು. "ಇಂಥವರೇ ಬೇಕು ನಮ್ಮ ಕಮ್ಯುನಿಟಿಗೆ! ಅಮ್ಮಾ, ಓಟಿಪಿ ಬಂತಾ?"