ಫೀಡ್ ರೀಡರ್ ಮೂಲತಃ ಶಹಾಬಾದಿನದು: ಒಂದು ಸಂಶೋಧನ ಪ್ರಬಂಧ

ಪೀಠಿಕೆ: ಫೀಡ್ ರೀಡರ್ ಅಮೆರಿಕದ್ದೆಂಬ ಅಪಪ್ರಚಾರ ವಿದ್ವಾಂಸರಲ್ಲಿ ಬಹುಕಾಲದಿಂದ ಬೇರೂರಿದೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿ ಹೊರತಂದಿತು ಎಂಬುದೊಂದೇ ಅವರ ಆಧಾರ. ಕಲಬುರಗಿ ಜಿಲ್ಲೆಯ ಐದು ಊರುಗಳ ಸಾಕ್ಷ್ಯದಿಂದ ಇದನ್ನು ಖಂಡಿಸಲಾಗುವುದು. (ಈ ಆರ್‌ಎಸ್‌ಎಸ್‌ಗೆ ಶಾಖೆಯಿಲ್ಲ, ಪಥಸಂಚಲನವಿಲ್ಲ.)

ಪ್ರತ್ಯಕ್ಷ ಪ್ರಮಾಣ: ಶಹಾಬಾದಿನ ಫರಸಿ ಗಣಿಗೆ ಇಳಿದು ನೋಡಿರಿ. ಸುಣ್ಣಕಲ್ಲು ಪದರದ ಮೇಲೆ ಪದರ ಕೂತಿದೆ. ಹಳೆಯದು ಕೆಳಗೆ, ಹೊಸದು ಮೇಲೆ. ಲೈಕು ಜಾಸ್ತಿ ಬಂತೆಂದು ಯಾವ ಪದರವೂ ಮೇಲಕ್ಕೆ ಜಿಗಿದಿಲ್ಲ. ಫೀಡ್ ರೀಡರಿನ ಶಿಸ್ತೂ ಇದೇ: ನೀವೇ ಆರಿಸಿದ ತಾಣಗಳ ಬರಹಗಳು, ಬಂದ ಕ್ರಮದಲ್ಲಿ.

ಪೂರ್ವಪಕ್ಷ: ವಾಡಿ ಪಂಥದವರು ಇದನ್ನು ಒಪ್ಪರು. ಸುಣ್ಣಕಲ್ಲನ್ನೇ ಅರೆದು, ಸುಟ್ಟು, ಜಿಪ್ಸಮ್ ಬೆರೆಸಿ ಅಲ್ಲಿ ಸಿಮೆಂಟ್ ಮಾಡುತ್ತಾರೆ. ಚೀಲದೊಳಗಿನ ಯಾವ ಕಣ ಯಾವ ಪದರದ್ದೆಂದು ಬ್ರಹ್ಮನೂ ಹೇಳಲಾರ. ಫೇಸ್‌ಬುಕ್ಕಿನ ಆಲ್ಗರಿದಮ್ ಈ ಪಂಥಕ್ಕೆ ಸೇರಿದ್ದು.

ಶಬ್ದ ಪ್ರಮಾಣ: ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ 9ನೇ ಶತಮಾನದಲ್ಲೇ ‘ಕವಿರಾಜಮಾರ್ಗ’ ಬರೆದು ಕಾವ್ಯಲಕ್ಷಣ ನಿರೂಪಿಸಿದ. 2002ರ ಆರ್‌ಎಸ್‌ಎಸ್ 2.0 ಒಂದು ಫೀಡಿಗೆ ವಿಧಿಸುವ ಲಕ್ಷಣ ಮೂರೇ: ಹೆಸರು, ಕೊಂಡಿ, ವಿವರಣೆ. ಗುಣ, ದೋಷ, ಅಲಂಕಾರಗಳ ಅಧ್ಯಾಯ ಕೈಬಿಟ್ಟಿದ್ದರ ಫಲವನ್ನು ಅಂತರ್ಜಾಲದ ಗದ್ಯ ಇಂದಿಗೂ ಉಣ್ಣುತ್ತಿದೆ.

ಶಾಸನ ಪ್ರಮಾಣ: ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಕೂತಿತ್ತು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲಷ್ಟೇ ಅದು ‘ಓದಿಲ್ಲ’ ಪಟ್ಟಿಯಿಂದ ಹೊರಬಂತು. ಆದ್ದರಿಂದ ರೀಡರಿನಲ್ಲಿ ಎಂಟುನೂರು ಬರಹ ಬಾಕಿ ಎಂದು ತೋರಿಸಿದರೆ ಗಾಬರಿ ಬೇಡ. ‘ಎಲ್ಲವನ್ನೂ ಓದಿದೆ’ ಗುಂಡಿ ಒತ್ತಿರಿ. ಸಾಮ್ರಾಟನೇ ಕಾದಿದ್ದಾನೆ, ಅಂಕಣಕಾರರದೇನು!

ಅನುಪಲಬ್ಧಿ ಪ್ರಮಾಣ: ಕಾಣದಿರುವುದೇ ಇಲ್ಲವೆಂಬುದಕ್ಕೆ ಸಾಕ್ಷಿ. ಇದನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪದ ದಾರ್ಶನಿಕರು ಫೋನ್ ಹಿಡಿದು ಚಿಂಚೋಳಿ ವನ್ಯಜೀವಿಧಾಮಕ್ಕೆ ಹೋಗಿಬರಲಿ. ಹೊರಡುವ ಮೊದಲೇ ಬರಹಗಳನ್ನು ಇಳಿಸಿಟ್ಟುಕೊಂಡವನಿಗೆ, ಸಿಗ್ನಲ್ ಕೈಕೊಟ್ಟರೂ ಓದು ಕೈಕೊಡದು.

ಪ್ರಯೋಗವಿಧಿ: ಫೀಡ್ಲಿ, ಇನೊರೀಡರ್, ಥಂಡರ್‌ಬರ್ಡ್‌ಗಳಲ್ಲಿ ಯಾವುದಾದರೊಂದನ್ನು ಹಾಕಿಕೊಳ್ಳಿರಿ. ಇಷ್ಟದ ತಾಣದ ವಿಳಾಸ ಕೊಡಿರಿ. ಫೀಡ್ ಇದ್ದರೆ ಸಾಮಾನ್ಯವಾಗಿ ರೀಡರೇ ಹುಡುಕಿಕೊಳ್ಳುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಉಂಟು. ಪಾಡ್‌ಕಾಸ್ಟ್ ಬದುಕಿರುವುದೇ ಅದರ ಮೇಲೆ. ನಿಮ್ಮ ಪಟ್ಟಿಯನ್ನು ಆಗಾಗ ಒಪಿಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಿರಿ. 2013ರ ಜುಲೈ 1ರಂದು ಗೂಗಲ್ ರೀಡರ್ ಬಾಗಿಲು ಹಾಕಿತು. ಕಡತ ಇಟ್ಟುಕೊಂಡವರು ಬೇರೆ ರೀಡರಿಗೆ ಗಂಟುಮೂಟೆ ಸಮೇತ ಹೋದರು.

ನಿರ್ಣಯ: ಊರಿಗೊಂದರಂತೆ ಐದೇ ಫೀಡುಗಳಿಂದ ಶುರುಮಾಡಿರಿ. ಆರನೆಯದಕ್ಕೆ ಶಾಸ್ತ್ರಾಧಾರ ಇನ್ನೂ ಸಿಕ್ಕಿಲ್ಲ.