‘ಐದೇ ಗಂಟೆ’ ಭಾವನವರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಭಾವನವರಿಗೆ, ಹಾಗೂ ‘ಮಂಗಳೂರಾ? ಐದೇ ಗಂಟೆ ರೀ’ ಎಂದು ಬೆರಳಲ್ಲಿ ಕಾರಿನ ಕೀ ತಿರುಗಿಸುತ್ತಾ ಅಪ್ಪಣೆ ಕೊಡಿಸುವ ನಾಡಿನ ಸಮಸ್ತ ಭಾವಂದಿರಿಗೆ,

ಹಿಂದಿನ ಸೀಟಿನಿಂದ ನಮಸ್ಕಾರಗಳು. ಸಾಷ್ಟಾಂಗವೇ ಹಾಕಬೇಕೆಂದಿತ್ತು. ಕಾಲ ಬುಡದಲ್ಲಿ ತಮ್ಮ ಸೂಟ್‌ಕೇಸು, ತೊಡೆಯ ಮೇಲೆ ತಮ್ಮ ಕಿರಿಯ ಸುಪುತ್ರ ಇರುವುದರಿಂದ ಕತ್ತನ್ನಷ್ಟೇ ಬಗ್ಗಿಸಿದ್ದೇನೆ, ಮನ್ನಿಸಬೇಕು.

ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಅದನ್ನು 70ರಿಂದ ಭಾಗಿಸಿದರೆ ಐದು. ಇಷ್ಟೇ ತಮ್ಮ ಶಾಸ್ತ್ರ. ಮದುವೆಯ ಚಪ್ಪರದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಒಮ್ಮೆ ಯಾರದೋ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲೂ ತಾವು ಈ ಶಾಸ್ತ್ರವನ್ನು ಪ್ರತಿಪಾದಿಸಿದ್ದನ್ನು ಕೇಳಿದ್ದೇನೆ. ಯಾರೂ ಎದುರಾಡಲಿಲ್ಲ. ಒಬ್ಬರು ಮಾತ್ರ ಪಾಯಸ ಸುರಿಯುವುದನ್ನು ನಿಲ್ಲಿಸಿ, ‘ನಾನು ನಾಲ್ಕು ಮುಕ್ಕಾಲಿಗೆ ಹೋಗಿದ್ದೆ’ ಎಂದರು. ವಿಚಾರಿಸಿದೆ, ಅವರೂ ಯಾರಿಗೋ ಭಾವನೇ.

ಈ ಐದು ಗಂಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು. ತಮ್ಮ ಗಡಿಯಾರ ಓಡುವುದು ನೆಲಮಂಗಲ ದಾಟಿದ ಮೇಲೆ. ಮನೆಯಿಂದ ನೆಲಮಂಗಲದವರೆಗಿನ ಮೂವತ್ತು ಕಿಲೋಮೀಟರ್, ಗೊರಗುಂಟೆಪಾಳ್ಯದಲ್ಲಿ ಸಿಗ್ನಲ್ ಹಸಿರಾಗಿ ಕೆಂಪಾಗಿ ಮತ್ತೆ ಹಸಿರಾದರೂ ಅಲುಗದ ಸಾಲು, ಪೀಣ್ಯದ ಮೇಲ್ಸೇತುವೆಗೆ ಹತ್ತುವಾಗಿನ ನೂಕಾಟ, ಇವೆಲ್ಲ ‘ಬೆಂಗ್ಳೂರು ಟ್ರಾಫಿಕ್ಕು, ಅದನ್ನ ಲೆಕ್ಕಕ್ಕೆ ತಗೋಬಾರ್ದು’. ಕುಣಿಗಲ್ ಆಚೆ ತಟ್ಟೆ ಇಡ್ಲಿ ತಿಂದ ಮುಕ್ಕಾಲು ಗಂಟೆಯೂ ಲೆಕ್ಕಕ್ಕಿಲ್ಲ, ಏಕೆಂದರೆ ಮನೆಯಲ್ಲಿದ್ದರೂ ತಿಂಡಿ ತಿನ್ನುತ್ತಿದ್ದೆವಲ್ಲ. ಮಾರನಹಳ್ಳಿಯ ತಿರುವುಗಳಲ್ಲಿ ಮಗು ವಾಂತಿ ಮಾಡಿಕೊಂಡು ಕಾರು ತೊಳೆದ ಹೊತ್ತು ಅಕ್ಕನ ಖಾತೆಗೆ. ‘ನಿಂಬೆಹಣ್ಣು ತರಬೇಕಿತ್ತು ಅಂತ ಹೇಳಿದ್ದೆ’. ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯುವುದು ಸಂಪ್ರದಾಯ. ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ನಿಂತ ಆ ಲೋಟವನ್ನು ತಾವು ಬೆಳಕಿಗೆ ಹಿಡಿದು ನೋಡುತ್ತಾ ನಿಂತ ಹೊತ್ತನ್ನು ಪ್ರಯಾಣದ ಅವಧಿಗೆ ಸೇರಿಸುವುದು ಅರಸಿಕತನ. ಇನ್ನು ಬಿ.ಸಿ.ರೋಡ್ ಬಂತೆಂದರೆ ತಮ್ಮ ಪಾಲಿಗೆ ಮಂಗಳೂರು ಬಂದಂತೆಯೇ. ಅಲ್ಲಿಂದ ಮುಂದೆ ಬ್ರಹ್ಮರಕೂಟ್ಲು ಟೋಲ್, ಪಡೀಲ್, ಪಂಪ್‌ವೆಲ್ ದಾಟಿ ಅಮ್ಮನ ಮನೆಯ ಗೇಟು ತೆಗೆಯುವವರೆಗಿನದು ಬರಿಯ ಔಪಚಾರಿಕತೆ.

ಹೀಗೆ ಕಳೆಯುತ್ತಾ ಹೋದರೆ ಐದು ಗಂಟೆ ಎಂಬುದು ತುಸು ಹೆಚ್ಚೇ ಆಯಿತು ಅನ್ನಿಸುತ್ತದೆ. ಇನ್ನೂ ಕಡಿಮೆ ಹೇಳಬಹುದಿತ್ತು. ತಮ್ಮ ವಿನಯ ದೊಡ್ಡದು.

ಆದರೂ ಹಿಂದಿನ ಸೀಟಿನಲ್ಲಿ ಕೂತವನಿಗೆ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ನಾನೂ ಒಂದು ಲೆಕ್ಕ ಹಾಕಿದೆ. ಹಗಲಿನಲ್ಲಿ ಮನೆಯಿಂದ ನೆಲಮಂಗಲಕ್ಕೆ ಒಂದೂಕಾಲು ಗಂಟೆ ಹಿಡಿಯಿತು ಅನ್ನಿ. ಐದು ಗಂಟೆಯಲ್ಲಿ ಉಳಿದದ್ದು ಮೂರು ಮುಕ್ಕಾಲು, ರಸ್ತೆಯಲ್ಲಿ ಉಳಿದದ್ದು 320 ಕಿಲೋಮೀಟರ್. ಅಂದರೆ ಇನ್ನು ಮಂಗಳೂರಿನ ಗೇಟಿನವರೆಗೆ ಗಂಟೆಗೆ 85ರ ಸರಾಸರಿ ಬೇಕು. ಘಾಟಿಯೂ ಅದರಲ್ಲೇ ಬಂತು. ಎಡಕ್ಕೆ ಕೆಂಪುಹೊಳೆ, ಮುಂದೆ ಮಂಗಳೂರಿನಲ್ಲಿ ಗ್ಯಾಸ್ ತುಂಬಿಸಿಕೊಳ್ಳಲು ಹೊರಟ ಖಾಲಿ ಬುಲೆಟ್ ಟ್ಯಾಂಕರ್, ಎದುರಿಗೆ ತುಂಬಿಸಿಕೊಂಡು ಏದುಸಿರು ಬಿಡುತ್ತಾ ಏರುತ್ತಿರುವ ಇನ್ನೊಂದು ಟ್ಯಾಂಕರ್. ಈ ಎರಡರ ನಡುವೆ 85.

ತಾವು ಹೇಳುತ್ತೀರಿ: ‘ಹಾಸನದವರೆಗೆ ನೂರರಲ್ಲಿ ಹೊಡೀತೀನಿ, ಆಮೇಲೆ ಐವತ್ತು ಬಂದ್ರೂ ಸರಾಸರಿ ಎಪ್ಪತ್ತೈದು.’ ಇಲ್ಲಿ ನನ್ನದೊಂದು ಸಣ್ಣ ವಿನಂತಿ. ನೂರು ಕಿಲೋಮೀಟರನ್ನು ನೂರರ ವೇಗದಲ್ಲಿ ಹೋದರೆ ಒಂದು ಗಂಟೆ. ಮುಂದಿನ ನೂರನ್ನು ಐವತ್ತರಲ್ಲಿ ಹೋದರೆ ಎರಡು ಗಂಟೆ. ಮೂರು ಗಂಟೆಯಲ್ಲಿ ಇನ್ನೂರು. ಸರಾಸರಿ ಎಪ್ಪತ್ತೈದಲ್ಲ, ಅರವತ್ತೇಳೂ ಇಲ್ಲ. ರಸ್ತೆಯಲ್ಲಿ ಇಬ್ಬರಿಗೂ ಸಮಪಾಲು ಸಿಕ್ಕಿದ್ದರೂ ಗಡಿಯಾರದಲ್ಲಿ ನಿಧಾನದವನೇ ಇಮ್ಮಡಿ ಪಾಲು ಹೊಡೆಯುತ್ತಾನೆ. ಆಸ್ತಿ ಪಾಲಿನಲ್ಲಿ ಅರ್ಧ ಸೆಂಟ್ಸ್ ಆಚೀಚೆ ಆದದ್ದನ್ನೂ ಕಣ್ಣಳತೆಯಲ್ಲೇ ಹಿಡಿದ ತಮಗೆ ಈ ಪಾಲು ಕಾಣದೆ ಹೋದದ್ದು ಆಶ್ಚರ್ಯ.

ವೇಗ ಹೆಚ್ಚಿಸಿ ಸರಿದೂಗಿಸುವ ತಮ್ಮ ಉಪಾಯದ ಬಗ್ಗೆಯೂ ಒಂದು ಮಾತು. ನೆಲಮಂಗಲದಿಂದ ಹಾಸನಕ್ಕೆ ಸುಮಾರು 155 ಕಿಲೋಮೀಟರ್, ಚತುಷ್ಪಥ. ಅರವತ್ತರಲ್ಲಿ ತೆವಳುವವನು ಎಂಬತ್ತಕ್ಕೆ ಬಂದರೆ ಮೂವತ್ತೊಂಬತ್ತು ನಿಮಿಷ ಉಳಿಸುತ್ತಾನೆ. ನೂರರಲ್ಲಿ ಹೋಗುತ್ತಿದ್ದ ತಾವು ನೂರಿಪ್ಪತ್ತಕ್ಕೆ ಏರಿಸಿದರೆ ಉಳಿಯುವುದು ಹದಿನೈದೂವರೆ. ಏರಿಸಿದ್ದು ಅದೇ ಇಪ್ಪತ್ತು, ಫಲ ಅರ್ಧಕ್ಕೂ ಕಡಿಮೆ. ಮೊದಲೇ ವೇಗದಲ್ಲಿರುವವರು ಇನ್ನಷ್ಟು ಒತ್ತಿದರೆ ಬಹಳ ಹೊತ್ತು ಉಳಿಯುತ್ತದೆಂದು ಭ್ರಮಿಸುತ್ತಾರೆ ಎಂಬುದನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ 2008ರಲ್ಲಿ ಒಂದು ಪ್ರಬಂಧವನ್ನೇ ಬರೆದು ತೋರಿಸಿದ್ದಾರೆ. ಹಾಸನದವರೆಗೆ ತಮ್ಮ ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ಕಣ್ಣು ಮುಚ್ಚಿ ಕೂತಿರುವ ಅಕ್ಕ ಆ ಪ್ರಬಂಧ ಓದಿಲ್ಲ, ಆದರೆ ವಿಷಯ ಗೊತ್ತಿದೆ. ಅಂದಹಾಗೆ, 2018ರಲ್ಲಿ ಕೇಂದ್ರ ಸರ್ಕಾರ ಚತುಷ್ಪಥದಲ್ಲಿ ಕಾರಿಗೆ ಇಟ್ಟ ಗರಿಷ್ಠ ಮಿತಿ ನೂರು. 130 ದಾಟಿದವರ ಮೇಲೆ 2024ರ ಆಗಸ್ಟಿನಿಂದ ಎಫ್‌ಐಆರ್ ಹಾಕುವುದಾಗಿ ನಮ್ಮ ರಾಜ್ಯದ ಪೊಲೀಸರು ಹೇಳಿದ್ದಾರೆ. ‘ಐದೇ ಗಂಟೆ’ ಎಂದು ತಾವು ಸಭೆಯಲ್ಲಿ ಹೇಳುವುದನ್ನು ಯಾರಾದರೂ ತಪ್ಪೊಪ್ಪಿಗೆ ಎಂದು ಬರೆದುಕೊಂಡರೆ ಕಷ್ಟ. ಸ್ವಲ್ಪ ಮೆಲ್ಲಗೆ ಹೇಳಿ.

ಹಾಗೆಂದು ಈ ವಿದ್ಯೆ ತಮ್ಮೊಬ್ಬರ ಸೊತ್ತೆಂದು ಹೇಳಲಾರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ನೆನಪಿದೆಯಲ್ಲ? 118 ಕಿಲೋಮೀಟರ್, 75 ನಿಮಿಷ ಎಂದು ಸಾರಿದರು. ಭಾಗಿಸಿ ನೋಡಿದೆ: ಗಂಟೆಗೆ 94ರ ಸರಾಸರಿ, ನೂರರ ಮಿತಿಯೊಳಗೆ. ಟೋಲಿನಲ್ಲಿ ನಿಲ್ಲದೆ, ಮದ್ದೂರಿನಲ್ಲಿ ವಡೆಯ ಕಡೆ ಕಣ್ಣು ಹಾಯಿಸದೆ, ಚನ್ನಪಟ್ಟಣದ ಗೊಂಬೆ ಬೇಕೆಂದು ಅಳುವ ಮಗುವನ್ನು ಕೂರಿಸಿಕೊಳ್ಳದೆ ಹೋಗುವ ಯಾವನೋ ಒಬ್ಬ ಸಂನ್ಯಾಸಿಯ ಲೆಕ್ಕ. ಅದರಲ್ಲೂ ಆ ಬೆಂಗಳೂರು ಕೆಂಗೇರಿಯ ಹತ್ತಿರ ಹುಟ್ಟಿತು, ಆ ಮೈಸೂರು ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲೇ ತೀರಿಕೊಂಡಿತು. ತಮ್ಮ ನೆಲಮಂಗಲ–ಬಿ.ಸಿ.ರೋಡ್ ಸೂತ್ರವೇ. ಆ 75 ನಿಮಿಷವನ್ನು ಮೊದಲು ಹೇಳಿದವರಿಗೂ ಮನೆಯಲ್ಲಿ ಹೆಂಡತಿಯ ತಮ್ಮಂದಿರು ಇರಲೇಬೇಕು.

ರೈಲ್ವೆಯವರನ್ನು ಮಾತ್ರ ಈ ಗುಂಪಿಗೆ ಸೇರಿಸಲಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, ಐವತ್ತು ಅಡಿಗೆ ಒಂದಡಿ ಇಳಿಜಾರು. ಅಲ್ಲಿ ರೈಲಿಗೆ ಗಂಟೆಗೆ ಮೂವತ್ತರ ಮಿತಿ ಇಟ್ಟು, ಅಷ್ಟು ದೂರಕ್ಕೆ ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆಂದು ವೇಳಾಪಟ್ಟಿಯಲ್ಲಿ ನಾಚಿಕೆಯಿಲ್ಲದೆ ಅಚ್ಚು ಹಾಕಿಸಿದ್ದಾರೆ. ಸಾಲದ್ದಕ್ಕೆ ಕೊನೆಯ ನಿಲ್ದಾಣದ ಮುಂಚೆ ಒಂದಿಷ್ಟು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ, ದಾರಿಯಲ್ಲಿ ತಡವಾದದ್ದು ಅಲ್ಲಿ ಸರಿಹೋಗಲೆಂದು. ರಾತ್ರಿ ಬಸ್ಸಿನ ಡ್ರೈವರಣ್ಣನೂ ಹಾಗೆಯೇ. ‘ಎಷ್ಟು ಗಂಟೆಗೆ ಮುಟ್ತೇವೆ?’ ಎಂದು ಕೇಳಿದವರಿಗೆ, ‘ಘಾಟಿ ಇಳ್ದ ಮೇಲೆ ಕೇಳಿ ಸಾರ್’ ಎನ್ನುತ್ತಾನೆ. ವಾರಕ್ಕೆ ಮೂರು ಸಲ ಆ ದಾರಿ ಓಡಿಸುವವನಿಗೆ ಗೊತ್ತಿಲ್ಲದ ಗಂಟೆ, ವರ್ಷಕ್ಕೆ ಎರಡು ಸಲ ಓಡಿಸುವ ತಮಗೆ ನಾಲಿಗೆಯ ತುದಿಯಲ್ಲಿದೆ.

ಇನ್ನು ಮಳೆಗಾಲ. 2018ರಲ್ಲಿ ಶಿರಾಡಿಯನ್ನು ಕಾಂಕ್ರೀಟಿಗೆಂದು ಜನವರಿಯಲ್ಲಿ ಮುಚ್ಚಿ, ಜುಲೈಯಲ್ಲಿ ತೆರೆದು, ನಾವೆಲ್ಲ ಹೊಸ ರಸ್ತೆಯ ಫೋಟೋ ಹಂಚಿಕೊಳ್ಳುವುದರೊಳಗೆ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಮತ್ತೆ ಮಣ್ಣು ರಸ್ತೆಗೆ ಬಂತು. ಇಂಥ ದಿನಗಳಲ್ಲೂ ತಮ್ಮ ಗಂಟೆ ಒಂದಿಂಚು ಕದಲುವುದಿಲ್ಲ. ‘ಶಿರಾಡಿ ಬಂದಾ? ಒಳ್ಳೇದೇ ಆಯ್ತು, ಚಾರ್ಮಾಡಿಲಿ ಇನ್ನೂ ಬೇಗ.’ ಚಾರ್ಮಾಡಿಯಲ್ಲೂ ಮರ ಬಿದ್ದಿದೆ ಎಂದರೆ ಸಂಪಾಜೆ. ಇಡೀ ಪಶ್ಚಿಮಘಟ್ಟವೇ ಕಾಸರಗೋಡಿನಿಂದ ಕಾರವಾರದವರೆಗೆ ಮುಚ್ಚಿಕೊಂಡರೂ ತಾವು ಐದು ಗಂಟೆಯ ಒಂದು ದಾರಿಯನ್ನು ಬಲ್ಲಿರಿ ಎಂಬ ನಂಬಿಕೆ ನನಗಿದೆ.

ಫೋನಿನ ನಕ್ಷೆಯ ವಿಷಯಕ್ಕೆ ಬಂದರೆ, ಅದು ಹೇಳುವ ಆರು ಮುಕ್ಕಾಲು, ಏಳು ಗಂಟೆಯನ್ನು ತಾವು ಸಲಹೆ ಎಂದು ಎಂದೂ ತಗೊಂಡವರಲ್ಲ, ಅದು ಸವಾಲು. ಮುಟ್ಟುವ ವೇಳೆ 2.14 ಎಂದಿದ್ದದ್ದು ಚನ್ನರಾಯಪಟ್ಟಣದ ಬೈಪಾಸಿನಲ್ಲಿ 2.11 ಆದಾಗ ತಾವು ಕನ್ನಡಿಯಲ್ಲಿ ನನ್ನ ಕಡೆ ನೋಡಿ ನಗುತ್ತೀರಿ. ಆ ನಕ್ಷೆಯ ಅಂಕಿ ಕಾರು ಎಲ್ಲೂ ನಿಲ್ಲುವುದಿಲ್ಲ ಎಂದೇ ಹಿಡಿದ ಲೆಕ್ಕ. ಅದಕ್ಕೆ ಹಸಿವಿಲ್ಲ, ಮೂತ್ರ ಬರುವುದಿಲ್ಲ, ಯೆಡಿಯೂರಿನ ಸಿದ್ಧಲಿಂಗೇಶ್ವರನಿಗೆ ಹರಕೆ ಇಲ್ಲ. ತಾವು ಗೆದ್ದ ಮೂರು ನಿಮಿಷವನ್ನು ಅಕ್ಕ ಮುಂದಿನ ಪೆಟ್ರೋಲ್ ಬಂಕಿನ ಶೌಚಾಲಯದ ಸಾಲಿನಲ್ಲಿ ನಿಂತು ವಾಪಸು ಕೊಡುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಗಂಡಸರ ಜಂಭಕ್ಕೆ ನಮ್ಮಲ್ಲಿ ಬರವಿಲ್ಲ, ಒಂದು ಹೆಚ್ಚಾದರೆ ಯಾರಿಗೂ ಭಾರವಲ್ಲ. ತೊಂದರೆ ಏನೆಂದರೆ, ತಮಗೆ ಹೆಮ್ಮೆಯಾದ ಆ ಸಂಖ್ಯೆಯ ಮೇಲೆ ಬೇರೆಯವರು ಅಕ್ಕಿ ತೊಳೆಯುತ್ತಾರೆ. ಅಲ್ಲಿ ಮಂಗಳೂರಿನಲ್ಲಿ ಒಬ್ಬಳು ಒಲೆ ಹಚ್ಚಬೇಕು, ಒಬ್ಬ ರಿಕ್ಷಾ ಹಿಡಿದು ಮೀನು ತರಬೇಕು, ಸಕ್ಕರೆ ಕಾಯಿಲೆಯ ಅಪ್ಪ ‘ಎಲ್ಲರೂ ಬಂದ ಮೇಲೆ ಉಣ್ಣುತ್ತೇನೆ’ ಎಂದು ಇನ್ಸುಲಿನ್ ಚುಚ್ಚಿಕೊಳ್ಳದೆ ಕೂತಿರುತ್ತಾರೆ. ಆಗ ತಾವು ಫೋನಿನಲ್ಲಿ ಹೇಳುವ ಊರುಗಳು ಬೇರೆ. ಚನ್ನರಾಯಪಟ್ಟಣದಲ್ಲಿ ಬೊಂಡ ತಿನ್ನುತ್ತಾ ‘ಹಾಸನ ದಾಟಿದ್ವಿ’. ಹಾಸನದಲ್ಲಿ ‘ಘಾಟಿ ಇಳೀತಾ ಇದ್ದೀವಿ, ಸಿಗ್ನಲ್ ಇಲ್ಲ, ಹಲೋ, ಹಲೋ’. ನೆಲ್ಯಾಡಿಯಲ್ಲಿ ‘ಇನ್ನೇನು ಬಂದ್ವಿ, ಎಲೆ ಹಾಕಿ’.

ಅಮ್ಮ ಈಗ ಎಲೆ ಹಾಕುವುದಿಲ್ಲ. ತಮ್ಮ ಗಂಟೆ ಕೇಳುವುದನ್ನೇ ಬಿಟ್ಟಿದ್ದಾರೆ. ಕೇಳುವುದು ಬೇರೆ ಮೂರು: ‘ಹೊರಟದ್ದು ಎಷ್ಟು ಹೊತ್ತಿಗೆ? ಮಕ್ಕಳು ಉಂಟಾ? ಘಾಟಿಯಲ್ಲಿ ಮಳೆ ಉಂಟಾ?’ ಆಮೇಲೆ ಕಳೆದ ಸಲ, ಅದರ ಹಿಂದಿನ ಸಲ ಇದೇ ಸವಾರಿ ಬಂದು ಮುಟ್ಟಿದ್ದು ಯಾವಾಗ ಎಂದು ನೆನಪು ಮಾಡಿಕೊಂಡು, ಅದರಲ್ಲಿ ಎರಡು ಗಂಟೆ ಕಳೆದು ಅಕ್ಕಿ ಇಡುತ್ತಾರೆ. ಮನುಷ್ಯರು ತಮ್ಮ ಯೋಜನೆಯನ್ನೇ ದಿಟ್ಟಿಸುತ್ತಾ, ಹಿಂದೆ ಇಂಥದ್ದಕ್ಕೆ ನಿಜಕ್ಕೂ ಎಷ್ಟು ಹೊತ್ತು ಹಿಡಿದಿತ್ತು ಎಂಬುದನ್ನು ಮರೆಯುತ್ತಾರೆ, ಅದರಿಂದಲೇ ಅಂದಾಜು ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದು ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಬರೆದರು. ಕಾಹ್ನೆಮನ್ನರಿಗೆ ಮುಂದೆ ನೊಬೆಲ್ ಬಂತು. ಅಮ್ಮನಿಗೆ ಬಂದದ್ದು ತಮ್ಮಂಥ ಅಳಿಯ.

ನನ್ನ ಲೆಕ್ಕವನ್ನೂ ಮುಗಿಸಿಬಿಡುತ್ತೇನೆ. ನೆಲಮಂಗಲಕ್ಕೆ ಒಂದೂಕಾಲು, ಅಲ್ಲಿಂದ ಹಾಸನಕ್ಕೆ ಎರಡು, ಸಕಲೇಶಪುರಕ್ಕೆ ಮುಕ್ಕಾಲು ಗಂಟೆಗೆ ತುಸು ಮೇಲೆ, ಗುಂಡ್ಯಕ್ಕೆ ಇನ್ನೊಂದೂಕಾಲು, ಮತ್ತೆ ಮನೆಗೆ ಎರಡಕ್ಕೆ ಸ್ವಲ್ಪ ಕಡಿಮೆ. ಚಕ್ರ ತಿರುಗಿದ್ದೇ ಸುಮಾರು ಏಳು ಗಂಟೆ. ತಿಂಡಿ, ಚಹಾ, ಶೌಚ, ವಾಂತಿ, ಕೆ.ಟಿ. ಸೇರಿ ಒಂದೂವರೆ. ಎಂಟೂವರೆ. ಮಳೆಯಿದ್ದರೆ ದೇವರಿದ್ದಾನೆ. ತಾವು ಇದನ್ನು ಒಪ್ಪಬೇಕಿಲ್ಲ. ಸಭೆಯಲ್ಲಿ ಹೇಳುವಾಗ ‘ಐದು ಗಂಟೆ, ನೆಲಮಂಗಲದಿಂದ ಬಿ.ಸಿ.ರೋಡಿಗೆ, ಉಪವಾಸ’ ಎಂದು ಹೇಳಿದರೆ ಸಾಕು.

ಕೊನೆಯದಾಗಿ, ಬರುವ ತಿಂಗಳ ಮದುವೆಯ ವಿಷಯ. ಮುಹೂರ್ತ 11.20ಕ್ಕೆ, ಮಂಗಳೂರಿನ ಹಾಲ್‌ನಲ್ಲಿ. ತಾವು ಮುಂಜಾನೆ ಐದಕ್ಕೆ ಕಾರು ತೆಗೆದು ಹತ್ತಕ್ಕೆ ಮುಟ್ಟಿ, ಆರಾಮಾಗಿ ಕಾಫಿ ಕುಡಿದು ಧಾರೆಗೆ ನಿಲ್ಲುವುದಾಗಿ ಹೇಳಿದ್ದೀರೆಂದು ತಿಳಿಯಿತು. ಬಹಳ ಸಂತೋಷ. ಅಕ್ಕ, ಇಬ್ಬರು ಮಕ್ಕಳು, ನಾನು, ಮತ್ತು ತಮ್ಮ ಸೂಟ್‌ಕೇಸು ಹಿಂದಿನ ರಾತ್ರಿಯ ರೈಲಿನಲ್ಲಿ ಹೊರಟಿರುತ್ತೇವೆ. ಟಿಕೆಟ್ ಆಗಿದೆ. ಮೊದಲ ಪಂಕ್ತಿ ಹನ್ನೆರಡಕ್ಕೆ, ಎರಡನೆಯದು ಹನ್ನೆರಡೂ ಮುಕ್ಕಾಲಿಗೆ, ಮೂರನೆಯದು ಒಂದೂವರೆಗೆ. ಅಮ್ಮ ಅಡಿಗೆ ಭಟ್ಟರಿಗೆ ಹೇಳಿ ತಮ್ಮ ಎಲೆಯನ್ನು ಮೂರನೆಯದಕ್ಕೆ ಬರೆಸಿದ್ದಾರೆ. ಹೋಳಿಗೆ ಎತ್ತಿಡುತ್ತಾರಂತೆ.

ಇಂತಿ ತಮ್ಮ ವಿಧೇಯ,
ಭಾವಮೈದುನ

ವಿ.ಸೂ.: ನಾಲ್ಕನೇ ಪಂಕ್ತಿ ಇಲ್ಲ. ಕಲ್ಲಡ್ಕದಲ್ಲಿ ನಿಲ್ಲಿಸುವ ಮುಂಚೆ ಯೋಚಿಸಿ.